ಮಲೆನಾಡಿನ ತೌಡು, ಸಿಪ್ಪೆ, ಬೀಜ: ಯಾವುದಕ್ಕೆ ನಿಜವಾಗಿ ಬೆಲೆ ಬಂದೀತು?

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿವಮೊಗ್ಗ ಜಿಲ್ಲೆಯ ರಸ್ತೆ ಬದಿಗಳಲ್ಲಿ ಸಿಪ್ಪೆಯ ಗುಡ್ಡೆಗಳು ಏಳುತ್ತವೆ. ಹಸಿಯಿದ್ದಾಗ ಕೊಳೆತು ನಾರುತ್ತವೆ. ಒಣಗಿದ ಮೇಲೆ ಯಾರೋ ಬೆಂಕಿ ಕೊಡುತ್ತಾರೆ. ಆಮೇಲೆ ದಿನಗಟ್ಟಲೆ ಹೊಗೆ. ಬೈಕಿನವನಿಗೆ ಎದುರಿಂದ ಬರುವ ಲಾರಿ ಕಾಣುವುದಿಲ್ಲ. "ಇಲ್ಲಿ ಸಿಪ್ಪೆ ಹಾಕಬಾರದು" ಎಂದು ಬೋರ್ಡ್ ನೆಟ್ಟರೆ ಮುಂದಿನ ವರ್ಷ ಗುಡ್ಡೆ ಬೀಳುವುದು ಅದೇ ಬೋರ್ಡಿನ ಬುಡದಲ್ಲಿ.

ಇಷ್ಟೊಂದು ಕಸ ಕಣ್ಣೆದುರೇ ಇರುವಾಗ "ಕಸದಿಂದ ರಸ" ಎಂಬ ಮಾತು ಕೇಳಲು ಹಿತವಾಗಿಯೇ ಇರುತ್ತದೆ. ಈಚೆಗೆ ಆ ಮಾತು ಇನ್ನೊಂದು ವೇಷದಲ್ಲಿ ಬರುತ್ತಿದೆ. ಸಿಪ್ಪೆ, ತೌಡು, ಬೀಜಗಳಲ್ಲಿ ಪಾಲಿಫಿನಾಲ್ ಎಂಬ ಸಸ್ಯಸತ್ವ ಇದೆ, ನಾರಿನಂಶ ಇದೆ, ಆಂಟಿಆಕ್ಸಿಡೆಂಟ್ ಇದೆ. ಅದನ್ನು ತೆಗೆದು ಬಿಸ್ಕತ್ತಿಗೋ ಪಾನೀಯಕ್ಕೋ ಸೇರಿಸಿದರೆ ಫಂಕ್ಷನಲ್ ಫುಡ್ ಆಗುತ್ತದೆ, ಅಂದರೆ ಹೊಟ್ಟೆ ತುಂಬಿಸುವುದರ ಜೊತೆಗೆ ಆರೋಗ್ಯಕ್ಕೂ ಒಂದಿಷ್ಟು ಅನುಕೂಲ ಮಾಡುವ ಆಹಾರ. ಕೃಷಿ ಮೇಳದ ಮಳಿಗೆಯಲ್ಲಿ ಇದನ್ನು ಕೇಳುತ್ತೇವೆ, ವಾಟ್ಸಾಪ್ ಗುಂಪಿನಲ್ಲಿ ಓದುತ್ತೇವೆ. ಮಾತು ಸುಳ್ಳೇನಲ್ಲ. ಆದರೆ ಮಲೆನಾಡಿನಲ್ಲಿ ಈ ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ ಅಂತ ಬಿಡಿಸಿ ನೋಡಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವುದರ ಕಸ ಜಾಸ್ತಿ ಬೀಳುತ್ತದೋ ಅದರಿಂದಲೇ ಶುರು ಮಾಡಿದರೆ ಕೈ ಸುಟ್ಟುಕೊಳ್ಳುತ್ತೇವೆ. ಕೆಡುವ ಮೊದಲೇ ಒಣಗಿಸಲು ಆಗುವುದು ಯಾವುದು, ನಾವು ತಿಂದು ಪಳಗಿರುವುದು ಯಾವುದು, ಅಲ್ಲಿಂದ ಶುರು ಮಾಡಬೇಕು.

ಈ ಕೆಲಸ ಹೊಸದೂ ಅಲ್ಲ. ಜಾಮ್ ಗಟ್ಟಿಯಾಗಲು ಹಾಕುವ ಪೆಕ್ಟಿನ್ ಬರುವುದು ಜ್ಯೂಸ್ ಕಾರ್ಖಾನೆಗಳು ಬಿಟ್ಟ ನಿಂಬೆ, ಕಿತ್ತಳೆ ಸಿಪ್ಪೆಯಿಂದ ಮತ್ತು ಸೇಬಿನ ಹಿಂಡಿಯಿಂದ. ಸಕ್ಕರೆ ಬದಲು ಚೂಯಿಂಗ್ ಗಮ್‌ಗೆ ಹಾಕುವ ಕ್ಸೈಲಿಟಾಲನ್ನು ಮೆಕ್ಕೆಜೋಳದ ಬೆಂಡಿನಿಂದ ಮಾಡುತ್ತಾರೆ. ಶಿಕಾರಿಪುರ, ಸೊರಬದ ಕಡೆ ಕಾಳು ಬಿಡಿಸಿದ ಮೇಲೆ ಒಲೆಗೆ ಹೋಗುತ್ತದಲ್ಲ, ಅದೇ ಬೆಂಡು.

ಇನ್ನೂ ಹಿಂದಿನ ಕಥೆ ತೌಡಿನದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ, ಪಾಲಿಶ್ ಮಾಡದ, ಅಂದರೆ ತೌಡು ಉಳಿದ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನೂ ಗಮನಿಸಿದ. 1910ರಲ್ಲಿ ಜಪಾನಿನ ಉಮೆತಾರೊ ಸುಜುಕಿ ಕೋಳಿಗಳನ್ನು ಉಳಿಸಿದ ಆ ಸತ್ವವನ್ನು ತೌಡಿನಿಂದಲೇ ಬೇರ್ಪಡಿಸಿದ. ಇವತ್ತು ನಾವು ಬಿ1 ವಿಟಮಿನ್ ಅನ್ನುವುದು ಅದನ್ನೇ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ದನದ ಕಲಗಚ್ಚಿಗೆ ಹೋಗುವ ತೌಡಿನಿಂದ ವಿಟಮಿನ್ ಅನ್ನುವ ಶಾಸ್ತ್ರವೇ ಹುಟ್ಟಿತು ಅಂದರೆ ತಪ್ಪಿಲ್ಲ.

ಹಾಗಾಗಿ ಮಲೆನಾಡಿನ ಪಟ್ಟಿಯಲ್ಲಿ ನಾನು ಮೊದಲು ಇಡುವುದು ತೌಡನ್ನು. ಮಿಲ್ಲಿನಲ್ಲಿ ತೌಡು ಸುರಿಯುವ ಬಾಯಿಗೆ ಕೈ ಒಡ್ಡಿ ನೋಡಿ. ಬೆಚ್ಚಗಿರುತ್ತದೆ, ಸ್ವಲ್ಪ ಜಿಡ್ಡು, ಸಿಹಿಯಾದ ವಾಸನೆ. ಅದೇ ಚೀಲವನ್ನು ಕೆಲವು ದಿನ ಬಿಟ್ಟು ಬಿಚ್ಚಿದರೆ ಮುಗ್ಗಲು ವಾಸನೆ, ನಾಲಿಗೆಗೆ ಕಹಿ. ಅಕ್ಕಿಯ ಹೊರಪದರದಲ್ಲಿ ಎಣ್ಣೆಯೂ ಇದೆ, ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇದೆ. ಕಾಳಿನೊಳಗೆ ಇರುವವರೆಗೆ ಇವೆರಡೂ ಬೇರೆ ಬೇರೆ. ಮಿಲ್ಲಿನಲ್ಲಿ ಉಜ್ಜಿದ ಕೂಡಲೇ ಎರಡೂ ಬೆರೆಯುತ್ತವೆ. ಕೆಡುವುದು ಆ ಗಂಟೆಯಿಂದಲೇ ಶುರು. ತಡೆಯಬೇಕಾದರೆ ಮಿಲ್ಲಿಂದ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ತೌಡಿಗೆ ಬಿಸಿ ಮುಟ್ಟಿಸಿ ಲೈಪೇಸನ್ನು ಕೊಲ್ಲಬೇಕು.

ತೌಡಿನಲ್ಲಿ ಏನಿದೆ ಅಂತ ಇಷ್ಟೊಂದು ಅವಸರ? ಬೆಳ್ತಿಗೆ ಅಕ್ಕಿಯ, ಅಂದರೆ ಭತ್ತ ಬೇಯಿಸದೆ ಮಾಡಿದ ಅಕ್ಕಿಯ ತೌಡಿನಲ್ಲಿ ಶೇ 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಅದರೊಳಗೆ ಒರಿಜನಾಲ್ ಎಂಬ ಗುಂಪಿನ ವಸ್ತುಗಳಿವೆ. ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತವೆ ಎಂಬ ಕಾರಣಕ್ಕೆ ರೈಸ್ ಬ್ರಾನ್ ಎಣ್ಣೆಯ ಜಾಹೀರಾತಿನಲ್ಲಿ ಈ ಹೆಸರು ಕಾಣುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ತಿಳಿದಿರಬೇಕಾದ ಒಂದು ವಿಷಯ ಇಲ್ಲಿದೆ. ಎಣ್ಣೆಯ ಹುಳಿ ತೆಗೆಯಲು ಕ್ಷಾರ ಹಾಕಿ ತೊಳೆದರೆ ಒರಿಜನಾಲ್‌ನ ದೊಡ್ಡ ಪಾಲು ಸಾಬೂನಿನ ಗಸಿಯ ಜೊತೆ ಹೊರಟುಹೋಗುತ್ತದೆ. ಕ್ಷಾರ ಹಾಕದೆ, ಹಬೆಯಿಂದ ಶುದ್ಧಿ ಮಾಡಿದರೆ ಬಹುಪಾಲು ಉಳಿಯುತ್ತದೆ. ತೌಡು ತಾಜಾ ಇಲ್ಲದಿದ್ದರೆ ಎಣ್ಣೆಯಲ್ಲಿ ಹುಳಿ ಜಾಸ್ತಿ, ಹುಳಿ ಜಾಸ್ತಿಯಾದರೆ ಕ್ಷಾರ ಜಾಸ್ತಿ, ಕ್ಷಾರ ಜಾಸ್ತಿಯಾದರೆ ಒರಿಜನಾಲ್ ಕಮ್ಮಿ. ಅಂದರೆ ದೂರದ ಎಣ್ಣೆ ಕಾರ್ಖಾನೆಯಲ್ಲಿ ಎಷ್ಟು ಸತ್ವ ಸಿಗುತ್ತದೆ ಎಂಬುದು ಊರಿನ ಮಿಲ್ಲಿನ ಅಂಗಳದಲ್ಲೇ ತೀರ್ಮಾನವಾಗಿರುತ್ತದೆ.

ಇಲ್ಲಿ ನಮಗೆ ಎರಡು ವಿಷಯ ಮುಖ್ಯ. ಒಂದು, ಹಳ್ಳಿಯ ಹಳೇ ಹಲ್ಲರ್ ಮಿಲ್ಲುಗಳಲ್ಲಿ ಉಮಿ, ತೌಡು ಬೆರೆತೇ ಬೀಳುತ್ತವೆ. ಆ ತೌಡು ದನಕ್ಕೆ ಸರಿ, ಮನುಷ್ಯರ ಆಹಾರಕ್ಕೆ ಆಗುವುದಿಲ್ಲ. ರಬ್ಬರ್ ರೋಲ್ ಇರುವ ಮಿಲ್ಲುಗಳಲ್ಲಿ ಮೊದಲು ಉಮಿ ಹೋಗಿ ಆಮೇಲೆ ತೌಡು ಬರುತ್ತದೆ, ಅಂಥದ್ದೇ ಬೇಕು. ಎರಡು, ಕುಸುಬಲಕ್ಕಿ. ಭತ್ತ ಬೇಯಿಸುವಾಗಲೇ ಲೈಪೇಸ್ ಸಾಯುತ್ತದೆ. ಹಾಗಾಗಿ ಕುಸುಬಲಕ್ಕಿಯ ತೌಡು ಬೆಳ್ತಿಗೆಯ ತೌಡಿಗಿಂತ ಎಷ್ಟೋ ತಡೆಯುತ್ತದೆ, ಎಣ್ಣೆಯೂ ಸ್ವಲ್ಪ ಜಾಸ್ತಿ. ತೀರ್ಥಹಳ್ಳಿ, ಹೊಸನಗರದ ಎಷ್ಟೋ ಮನೆಗಳಲ್ಲಿ ಗಂಜಿಗೆ ಕುಸುಬಲಕ್ಕಿಯೇ ಆಗಬೇಕು. ಅದನ್ನು ಬೇಯಿಸುವ ಮಿಲ್ಲು ಇರುವ ಕಡೆ, ತೌಡು ಕೆಡದಂತೆ ಬಿಸಿ ಮಾಡುವ ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಒಮ್ಮೆ ಯೋಚಿಸಬೇಕು. ಅರ್ಧ ಕೆಲಸ ಹಂಡೆಯಲ್ಲೇ ಆಗಿರುತ್ತದೆ.

ಎರಡನೇ ಸ್ಥಾನ ಮುರುಗಲು ಹಣ್ಣಿಗೆ. ಕರಾವಳಿಯವರು ಪುನರ್ಪುಳಿ ಅನ್ನುತ್ತಾರೆ. ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋಗುತ್ತದೆ. ಇದರ ಕೆಂಪು ಬಣ್ಣ ಆಂಥೋಸಯನಿನ್‌ನದು, ನೇರಳೆ ಹಣ್ಣಿನಲ್ಲಿರುವುದೂ ಅದೇ ಗುಂಪಿನದು. ಕಸ ಅಂತ ಉಳಿಯುವುದು ಬೀಜ. ಆ ಬೀಜವನ್ನೂ ಬಿಡದವರು ನಮ್ಮ ಹಿರಿಯರು. ಬೀಜ ಒಣಗಿಸಿ, ಹೊಟ್ಟು ತೆಗೆದು, ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆದು ಬೇರೆ ಪಾತ್ರೆಗೆ ಹಾಕಿಟ್ಟರೆ ಬೆಳಿಗ್ಗೆ ಹೊತ್ತಿಗೆ ಬಿಳಿ ಗಟ್ಟಿಯಾಗಿರುತ್ತದೆ. ಅದನ್ನು ಮುದ್ದೆ ಕಟ್ಟಿ ಇಡುತ್ತಾರೆ. ಒಡೆದ ಹಿಮ್ಮಡಿಗೆ ಹಚ್ಚಲು ಇದಕ್ಕಿಂತ ಒಳ್ಳೆಯದಿಲ್ಲ ಅಂತ ಹೇಳುವವರು ಈಗಲೂ ಇದ್ದಾರೆ.

ಈ ಮುರುಗಲು ತುಪ್ಪ ಕೋಣೆಯ ಬಿಸಿಯಲ್ಲಿ ಗಟ್ಟಿ, 40 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಆ ಗುಣಕ್ಕೇ ಚಾಕೊಲೇಟ್ ಮಾಡುವವರ ಕಣ್ಣು ಇದರ ಮೇಲೆ ಬಿತ್ತು. ಯುರೋಪ್ ಒಕ್ಕೂಟ 2000ನೇ ಇಸವಿಯಲ್ಲಿ ಮಾಡಿದ ನಿಯಮದ ಪ್ರಕಾರ ಚಾಕೊಲೇಟಿನಲ್ಲಿ ಶೇ 5ರವರೆಗೆ ಬೇರೆ ಸಸ್ಯಗಳ ಕೊಬ್ಬು ಬಳಸಬಹುದು. ಅದಕ್ಕೆ ಒಪ್ಪಿದ್ದು ಆರೇ ಆರು ಕೊಬ್ಬುಗಳನ್ನು. ಅದರಲ್ಲಿ ಮುರುಗಲು ಒಂದು, ಮಾವಿನ ಗೊರಟಿನದು ಇನ್ನೊಂದು. ಎರಡೂ ನಮ್ಮ ಬೇಲಿಯಲ್ಲಿ ಬೀಳುವ ವಸ್ತುಗಳು ಅಲ್ವಾ? ಮುರುಗಲು ತುಪ್ಪಕ್ಕೆ ಸಾಲ್ವೆಂಟ್ (ಸತ್ವವನ್ನು ಕರಗಿಸಿ ತೆಗೆಯುವ ದ್ರಾವಕ) ಬೇಡ, ದೊಡ್ಡ ಯಂತ್ರ ಬೇಡ. ಬೇಕಾಗಿರುವುದು ಒಂದೇ ಗುಣಮಟ್ಟದ ಮಾಲು, ಹೊಗೆ ವಾಸನೆ ಇಲ್ಲದ ಮಾಲು, ವರ್ಷ ವರ್ಷ ತಪ್ಪದೆ ಸಿಗುವ ಮಾಲು. ಮನೆಯಲ್ಲಿ ಒಲೆ ಮೇಲೆ ಕುದಿಸಿದ್ದರಲ್ಲಿ ಸಿಗದೇ ಹೋಗುವುದು ಇದೇ.

ಮುರುಗಲಿನ ದಾಯಾದಿ ಉಪ್ಪಾಗೆ. ಈ ವಿಷಯದಲ್ಲಿ ಮಲೆನಾಡು ಒಮ್ಮೆ ಪಾಠ ಕಲಿತಾಗಿದೆ, ಈಗಿನವರಿಗೆ ಅದು ಮರೆತಿದೆ. ಉಪ್ಪಾಗೆ ಸಿಪ್ಪೆಯ ಹುಳಿಗೆ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಗುರುತಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು, 1965ರಲ್ಲಿ. ದೇಹ ಕೊಬ್ಬು ತಯಾರಿಸುವ ಒಂದು ಕಿಣ್ವವನ್ನು ಇದು ತಡೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಇಲಿಗಳಲ್ಲಿ ಫಲ ಕಂಡಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಇದು ತೂಕ ಇಳಿಸುವ ಮಾತ್ರೆಯಾಯಿತು. ಇಲ್ಲಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಒಣ ಸಿಪ್ಪೆಯ ಬೆಲೆ ಏರಿತು. ಯಾರ ಮರವೂ ಅಲ್ಲದ ಮರ, ಮೊದಲು ಹೋದವನಿಗೆ ಕಾಯಿ. ಹಣ್ಣಾಗುವವರೆಗೆ ಕಾದವನಿಗೆ ಏನೂ ಸಿಗುವುದಿಲ್ಲ ಎಂದಾದ ಮೇಲೆ ಹಸಿ ಕಾಯಿಯನ್ನೇ ಬಡಿದರು, ಕೊಂಬೆ ಕಡಿದರು. ಹಣ್ಣು ಬರುವುದು ಮಳೆಗಾಲದಲ್ಲಿ, ಹಾಗಾಗಿ ಸಿಪ್ಪೆ ಒಣಗಿಸಲು ರಾಶಿ ಸೌದೆ ಉರಿಯಿತು.

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. 135 ಮಂದಿ, 12 ವಾರ, ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಸುಮ್ನೆ ಸಪ್ಪೆ ಮಾತ್ರೆ. ತೂಕ ಇಳಿದದ್ದರಲ್ಲಿ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಈ ಸತ್ವ ಇರುವ ಮಾತ್ರೆ ತಿಂದವರಲ್ಲಿ ಕೆಲವರ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ಆಮೇಲೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದವು. ಮೀನು ಸಾರಿಗೆ ಎರಡು ಚೂರು ಉಪ್ಪಾಗೆ ಹಾಕಿದವರಿಗೆ ಇದರಿಂದ ಏನೂ ಆಗುವುದಿಲ್ಲ. ಉಪ್ಪಾಗೆ ತುಪ್ಪದಲ್ಲಿ ದೋಸೆ ಹೊಯ್ದು ತಿಂದವರೂ ಚೆನ್ನಾಗಿಯೇ ಇದ್ದಾರೆ. ಅಡುಗೆಯಲ್ಲಿ ಇರುವ ಪ್ರಮಾಣ ಬೇರೆ, ಬೇರ್ಪಡಿಸಿ ಗಟ್ಟಿ ಮಾಡಿ ಮಾತ್ರೆಯಲ್ಲಿ ತುಂಬಿದ ಪ್ರಮಾಣ ಬೇರೆ. "ನಮ್ಮಜ್ಜಿ ತಿಂದಿದ್ದೇ, ಹೆದರಬೇಡಿ" ಎಂದು ಮಾರುವವರು ಈ ವ್ಯತ್ಯಾಸವನ್ನು ಮುಚ್ಚಿಡುತ್ತಾರೆ.

ಈಗ ಅಡಿಕೆಗೆ ಬರೋಣ. ಈ ಲೇಖನ ಓದುವವರಲ್ಲಿ ಅರ್ಧ ಜನ ಅದಕ್ಕೇ ಕಾದಿರುತ್ತೀರಿ.

ಹಸಿ ಅಡಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ. ಒಳಗಿರುವುದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಹೆಮಿಸೆಲ್ಯುಲೋಸನ್ನು ಒಡೆದರೆ ಕ್ಸೈಲೋ ಆಲಿಗೋಸ್ಯಾಕರೈಡ್ ಎಂಬ ಸಕ್ಕರೆಗಳು ಸಿಗುತ್ತವೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅವು ಆಹಾರ. ಪ್ರಯೋಗಾಲಯದಲ್ಲಿ ಇದೆಲ್ಲ ಆಗುತ್ತದೆ. ಚೊಗರಿನ ವಿಷಯವೂ ಹಾಗೇ. ಕೆಂಪಡಿಕೆ ಬೇಯಿಸಿದ ನೀರನ್ನು ಮತ್ತೆ ಮತ್ತೆ ಬಳಸಿ, ಕೊನೆಗೆ ಬತ್ತಿಸಿದಾಗ ಹಂಡೆಯ ತಳದಲ್ಲಿ ಉಳಿಯುವ ಕಪ್ಪು ಕೆಂಪು ಪಾಕ ಅದು. ಅದರಲ್ಲಿ ತುಂಬಿರುವುದು ಟ್ಯಾನಿನ್, ಕ್ಯಾಟೆಚಿನ್‌ಗಳು. ಚಹಾದಲ್ಲಿ ಹೊಗಳಿಸಿಕೊಳ್ಳುವ ಪಾಲಿಫಿನಾಲ್‌ಗಳ ಹತ್ತಿರದ ನೆಂಟರು. ಮಲೆನಾಡಿನ ರೈತ ತಲೆಮಾರುಗಳಿಂದ ಪಾಲಿಫಿನಾಲ್ ಸತ್ವ ತೆಗೆಯುತ್ತಲೇ ಇದ್ದಾನೆ, ಹೆಸರು ಮಾತ್ರ ಗೊತ್ತಿರಲಿಲ್ಲ.

ಆದರೆ ಇದು ಆಹಾರವಾಗುವ ದಾರಿ ಬಹಳ ಕಷ್ಟ. ಮೊದಲ ಅಡ್ಡಿ ಬೋರ್ಡೋ. ಕೊಳೆ ರೋಗ ತಡೆಯಲು ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣದ ದ್ರಾವಣವನ್ನು ಗೊನೆಗೇ ಹೊಡೆಯುತ್ತೇವೆ. ತಾಮ್ರ ಕೂರುವುದು ಸಿಪ್ಪೆಯ ಮೇಲೆ. ಎಲೆಚುಕ್ಕಿ ರೋಗ ಬಂದ ಮೇಲೆ ಬೇರೆ ಶಿಲೀಂಧ್ರನಾಶಕಗಳೂ ಸೇರಿಕೊಂಡಿವೆ. ಸಿಪ್ಪೆಯಿಂದ ಒಳ್ಳೆಯದನ್ನು ಗಟ್ಟಿ ಮಾಡುವ ವಿಧಾನ ಕೆಟ್ಟದ್ದನ್ನೂ ಗಟ್ಟಿ ಮಾಡಬಹುದು. ಪ್ರತಿ ಲೋಡಿಗೂ ಪರೀಕ್ಷೆ ಬೇಕು, ಆ ಖರ್ಚು ಯಾರ ತಲೆಗೆ?

ಎರಡನೆಯದು ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದು ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇರೆಯೇ ನಡೆಯುತ್ತಿದೆ, ಬೆಳೆಗಾರರ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ಕೊಳ್ಳುವವನು ಹೊರಗಿನವನಾದರೆ ಅವನು ನೋಡುವುದು ಆ ಪಟ್ಟಿಯನ್ನೇ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಗಳ ಮೇಲೂ ನಿರ್ಬಂಧ ತಂದಿತು. ಅಡಿಕೆ ಮರದ ಹಾಳೆಯಲ್ಲಿರುವ ಅರೆಕೊಲಿನ್‌ನಂಥ ಆಲ್ಕಲಾಯ್ಡ್‌ಗಳು, ಅಂದರೆ ದೇಹದ ಮೇಲೆ ಪರಿಣಾಮ ಬೀರುವ ಸಸ್ಯದ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಎಂಬುದು ಅದರ ವಾದ. ಊಟ ಬಡಿಸುವ ತಟ್ಟೆಯನ್ನೇ ಒಪ್ಪದವರು ಅದೇ ಮರದ ಸತ್ವವನ್ನು ಊಟದೊಳಗೆ ಒಪ್ಪುತ್ತಾರೆಯೇ?

ಚೊಗರಿನ ಟ್ಯಾನಿನ್‌ನಿಂದ ಅರೆಕೊಲಿನ್ ಬೇರೆ ಮಾಡಲು ರಸಾಯನಶಾಸ್ತ್ರದಲ್ಲಿ ದಾರಿ ಇಲ್ಲವೆಂದಲ್ಲ. ಅಷ್ಟು ಖರ್ಚು ಮಾಡಿ ಸಿಗುವ ಕ್ಯಾಟೆಚಿನ್, ಹಸಿರು ಚಹಾದಿಂದ ಸಲೀಸಾಗಿ ಸಿಗುವ ಕ್ಯಾಟೆಚಿನ್‌ಗಿಂತ ಅಗ್ಗವಾಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಚೊಗರಿಗೆ ಬಟ್ಟೆಯ ದಾರಿ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗದ ನೂಲಿಗೆ ಚೊಗರಿನ ಬಣ್ಣ ಹಾಕುತ್ತಾ ಬಂದಿದ್ದಾರೆ. ಸಿಪ್ಪೆಗೆ ಗೊಬ್ಬರ, ಇಂಧನ, ಮರದ ಹಲಗೆಯಂಥ ಬೋರ್ಡು, ಹಾಸಿಗೆ ತುಂಬುವ ನಾರು ಇವೆ. ಆಹಾರದ ಆಸೆಯನ್ನು ಅಡಿಕೆ ಮೇಲಿಂದ ಇಳಿಸಿದರೆ ಉಳಿದ ಕೆಲಸಕ್ಕೆ ಬಿಡುವು ಸಿಗುತ್ತದೆ.

ಕಾಫಿ ಸಿಪ್ಪೆಯದು ನಡುವಿನ ಪರಿಸ್ಥಿತಿ. ಯೆಮನ್‌ನವರು ಒಣ ಕಾಫಿ ಸಿಪ್ಪೆಯ ಕಷಾಯವನ್ನು ಮೊದಲಿಂದಲೂ ಕುಡಿಯುತ್ತಾರೆ. ಯುರೋಪ್ ಒಕ್ಕೂಟ 2022ರಲ್ಲಿ ಒಣಗಿಸಿದ ಕಾಫಿ ಹಣ್ಣಿನ ತಿರುಳನ್ನು ಪಾನೀಯಗಳಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಪಾಲಿಫಿನಾಲ್, ಸ್ವಲ್ಪ ಕೆಫೀನ್, ಹುಳಿ ಸಿಹಿ ರುಚಿ. ಚಿಕ್ಕಮಗಳೂರಿನ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬೀಳುವ ಇದೇ ಸಿಪ್ಪೆ ಹಳ್ಳಕ್ಕೆ ಸೇರಿದರೆ ನೀರು ಹಾಳು. ಉಪಯೋಗವಾದರೆ ಎರಡು ಲಾಭ. ಆದರೆ ಹಸಿ ಸಿಪ್ಪೆಯಲ್ಲಿ ಸಕ್ಕರೆ ಜಾಸ್ತಿ, ಒಂದೇ ದಿನದಲ್ಲಿ ಹುಳಿಯುತ್ತದೆ. ಅರೆಬರೆ ಒಣಗಿ ಬೂಸ್ಟು ಹಿಡಿದರೆ ಓಕ್ರಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ಬೋರ್ಡೋ ಇಲ್ಲೂ ಇದೆ. ಬೋರ್ಡೋ ಹೊಡೆಯದ ತೋಟ, ಪೂರ್ತಿ ಹಣ್ಣಾದ ಕಾಯಿ, ಪಲ್ಪ್ ಮಾಡಿದ ದಿನವೇ ಒಣಗಿಸುವ ಏರ್ಪಾಡು, ಇವು ಮೂರೂ ಇರುವವರು ಕೈ ಹಾಕಬಹುದು. ಉಳಿದವರು ಗೊಬ್ಬರ ಮಾಡುವುದೇ ವಾಸಿ.

ಕಾಳುಮೆಣಸಿನ ಜೊಳ್ಳನ್ನು ಕೊಚ್ಚಿ ಕಡೆಯ ಓಲಿಯೋರೆಸಿನ್ (ಮಸಾಲೆಯ ಗಟ್ಟಿ ಸತ್ವ) ಕಾರ್ಖಾನೆಗಳು ಕೊಳ್ಳುತ್ತವೆ. ಬಲಿಯದ ಕಾಳಿನಲ್ಲಿ ಎಣ್ಣೆ, ಖಾರ ಕೊಡುವ ಪೈಪರಿನ್ ಚೆನ್ನಾಗಿಯೇ ಇರುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ, ಅರಿಶಿನದ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ಅದು ರಕ್ತಕ್ಕೆ ಸೇರುವುದು 20 ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದ್ದರು. ಇದರಲ್ಲಿ ಇನ್ನೊಂದು ವಿಷಯವೂ ಇದೆ. ಕರ್ಕ್ಯುಮಿನ್ ಒಂದನ್ನೇ ನುಂಗಿದರೆ ಬಹುಪಾಲು ರಕ್ತಕ್ಕೇ ಸೇರದೆ ಹೋಗುತ್ತದೆ. ಯಾವುದೋ ಸಿಪ್ಪೆಯಲ್ಲಿ ಇಷ್ಟು ಮಿಲಿಗ್ರಾಂ ಪಾಲಿಫಿನಾಲ್ ಇದೆ ಎಂಬ ಲೆಕ್ಕ ಓದಿದಾಗಲೆಲ್ಲ, ಅದರಲ್ಲಿ ದೇಹಕ್ಕೆ ಸೇರುವುದೆಷ್ಟು ಎಂದು ಕೇಳಬೇಕು.

ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆಯಲ್ಲಿ, ಜಿಲ್ಲೆಗೊಂದರಂತೆ ಗೊತ್ತು ಮಾಡಿದಾಗ ಶಿವಮೊಗ್ಗಕ್ಕೆ ಸಿಕ್ಕಿರುವ ಬೆಳೆ ಅನಾನಸ್. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಘಟಕದ ಖರ್ಚಿನ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇದೆ. ಅನಾನಸ್ ಸಿಪ್ಪೆಯಿಂದ ಪ್ರೋಟೀನ್ ಒಡೆಯುವ ಬ್ರೋಮಲೈನ್ ತೆಗೆಯಬಹುದು ಎಂದು ಯಾರಾದರೂ ಪ್ರಾಜೆಕ್ಟ್ ರಿಪೋರ್ಟ್ ತಂದರೆ ಎರಡು ಪ್ರಶ್ನೆ ಕೇಳಿ. ಜಗತ್ತಿನ ವ್ಯಾಪಾರದ ಬ್ರೋಮಲೈನ್ ಬಹುಪಾಲು ಬರುವುದು ಗಿಡದ ಕಾಂಡದಿಂದ, ನೀವು ಸಿಪ್ಪೆಗೆ ಯಾಕೆ ಹೋಗುತ್ತೀರಿ? ಅದು ಕಿಣ್ವ, ಬಿಸಿ ಜಾಸ್ತಿಯಾದರೆ ಸತ್ತುಹೋಗುತ್ತದೆ, ನಿಮ್ಮ ಡ್ರೈಯರ್‌ನ ಬಿಸಿ ಎಷ್ಟು?

ಕಾನೂನು ಕೂಡ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಲ್ಲೇ ನ್ಯೂಟ್ರಾಸ್ಯುಟಿಕಲ್ (ಆರೋಗ್ಯಕ್ಕೆಂದು ಮಾತ್ರೆ, ಪುಡಿಯಾಗಿ ಮಾರುವ ಆಹಾರ ಸತ್ವ) ಮತ್ತು ಫಂಕ್ಷನಲ್ ಫುಡ್‌ಗಳಿಗೆ ಪ್ರತ್ಯೇಕ ನಿಯಮ ಮಾಡಿದೆ, 2018ರಲ್ಲಿ ಜಾಹೀರಾತಿನ ನಿಯಮ ಬಂದಿದೆ. "ಶುಗರ್ ವಾಸಿಯಾಗುತ್ತದೆ" ಎಂದು ಪೊಟ್ಟಣದ ಮೇಲೆ ಬರೆಯುವಂತಿಲ್ಲ. ಸಂತೆಯಲ್ಲಿ ಬಾಯಿಮಾತಲ್ಲಿ ಹೇಳುವುದನ್ನು ತಡೆಯುವವರು ಯಾರೂ ಇಲ್ಲ, ಅದು ಬೇರೆ ಮಾತು.

ಇಷ್ಟೆಲ್ಲದರಲ್ಲಿ ಮತ್ತೆ ಮತ್ತೆ ಬಂದ ಪದ ಒಣಗಿಸುವುದು. ಸತ್ವ ತೆಗೆಯುವ ತಂತ್ರಜ್ಞಾನ ಸಿಎಫ್‌ಟಿಆರ್‌ಐನಲ್ಲಿ ಇದೆ, ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಬಹುದು. ಕಾರ್ಬನ್ ಡೈ ಆಕ್ಸೈಡನ್ನು 31 ಡಿಗ್ರಿ ಬಿಸಿ, 73 ವಾತಾವರಣದ ಒತ್ತಡ ದಾಟಿಸಿ ಸಾಲ್ವೆಂಟ್‌ನಂತೆ ಬಳಸುವ ಯಂತ್ರಗಳು ಬೆಂಗಳೂರು, ಕೊಚ್ಚಿಗಳಲ್ಲಿ ಓಡುತ್ತಿವೆ. ಅಂಥದ್ದೊಂದನ್ನು ತೀರ್ಥಹಳ್ಳಿಗೆ ತಂದರೆ ವರ್ಷಕ್ಕೆ ಎಷ್ಟು ತಿಂಗಳು ಕೆಲಸ ಕೊಡುತ್ತೀರಿ? ಮುರುಗಲು, ಹಲಸು ಬೇಸಿಗೆ ಕೊನೆಗೆ, ಉಪ್ಪಾಗೆ ಮಳೆಗೆ, ಭತ್ತ ಮತ್ತು ಕಾಫಿ ಚಳಿಗೆ. ಯಾವುದೂ ಕಾರ್ಖಾನೆಯ ಹೊಟ್ಟೆ ತುಂಬುವಷ್ಟು ಒಂದೇ ಕಡೆ ಇಲ್ಲ. ಒಣಗಿಸಿದ ಒಳ್ಳೆಯ ಮಾಲನ್ನು ದೂರದ ಘಟಕಕ್ಕೆ ಕಳಿಸುವುದು, ಮುರುಗಲು ತುಪ್ಪದಂಥ ಸಲೀಸಾದದ್ದನ್ನು ಇಲ್ಲೇ ಮುಗಿಸುವುದು, ಇದು ನಡೆಯುವ ದಾರಿ.

ಅದಕ್ಕೆ ಬೇಕಾದದ್ದರಲ್ಲಿ ಅರ್ಧ ನಮ್ಮಲ್ಲೇ ಇದೆ. ಅಡಿಕೆಗೆಂದು ಕಟ್ಟಿದ ಪಾಲಿಹೌಸ್ ಡ್ರೈಯರ್‌ಗಳು, ಸೌದೆ ಡ್ರೈಯರ್‌ಗಳು ಮಾರ್ಚ್ ಕಳೆದ ಮೇಲೆ ಮುಂದಿನ ಕೊಯ್ಲಿನವರೆಗೆ ಖಾಲಿ ನಿಂತಿರುತ್ತವೆ. ಎಷ್ಟೋ ಕಡೆ ಒಳಗೆ ಸೌದೆ, ಹಳೇ ಪೈಪು, ಕೋಳಿ. ಮುರುಗಲು, ಹಲಸು, ಅನಾನಸ್ ಬರುವುದು ಸರಿಯಾಗಿ ಆ ಸಮಯದಲ್ಲೇ. ಒಂದು ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿ ಮನಸ್ಸು ಮಾಡಿದರೆ ಆ ತಿಂಗಳುಗಳಿಗೆ ಬಾಡಿಗೆ ಗೊತ್ತು ಮಾಡಬಹುದು. ಆದರೆ ಅಡಿಕೆ ಹರಡಿದ ಜಾಲರಿ ತಟ್ಟೆಯ ಮೇಲೇ ಮುರುಗಲು ಹರಡುವಂತಿಲ್ಲ, ಅರೆಕೊಲಿನ್ ಅಂಶ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಇಡೀ ಲಾಟ್ ವಾಪಸ್ ಬರಬಹುದು. ತಟ್ಟೆ ಬೇರೆ ಬೇಕು, ಸ್ಟೀಲಿನದಾದರೆ ಒಳ್ಳೆಯದು. ಹೊಗೆ ನೇರವಾಗಿ ಮಾಲಿಗೆ ತಾಗದಂತೆ ಬಿಸಿಗಾಳಿಯ ಕೊಳವೆ ಬೇಕು. ಮುರುಗಲಿನ ಬಣ್ಣ ಉಳಿಯಬೇಕಾದರೆ ಬಿಸಿ 60 ಡಿಗ್ರಿಯ ಒಳಗೇ ಇರಬೇಕು, ಅದಕ್ಕೊಂದು ಥರ್ಮಾಮೀಟರ್ ಸಾಕು. ಒಬ್ಬೊಬ್ಬರೇ ಹಾಕಿಕೊಳ್ಳಲು ಇದು ಭಾರ, ಹತ್ತು ಮನೆ ಸೇರಿ ಹಂಚಿಕೊಂಡರೆ ಆಗದಷ್ಟೇನಲ್ಲ.